ಪಕ್ಕದ ಸೀಟಿನ ಬ್ರೇಕು

"ಮುಟ್ಟಲ್ಲ ಅಂದ್ರೆ ಮುಟ್ಟಲ್ಲ. ಇನ್ನೆಷ್ಟು ಸಲ ಹೇಳ್ಬೇಕು ನಿನಗೆ? ಸ್ಟೇರಿಂಗ್ ಮುಂದೆ ಕೂತ್ರೆ ಸಾಕು, ಆ ಮುದುಕನ ಮೂಳೆ ಮುರಿದ ಸದ್ದು ಕಿವಿಗೆ ಬರುತ್ತೆ."

"ಮೂಳೆ ಮುರಿದ್ರೆ ಕೂಡುತ್ತೆ. ನಿನ್ನ ಥರ ಹೆದರಿ ಮೂಲೆ ಹಿಡಿದವಳಿಗೆ ಯಾವ ಡಾಕ್ಟರೂ ಪ್ಲಾಸ್ಟರ್ ಹಾಕಲ್ಲ," ಎಂದು ಅವನು ಮಗಳ ಮೇಲೆ ಕೂಗಿದ.

"ಹೆದರಿದೋರು ಗಾಡಿ ಓಡಿಸಬಾರದು ಅಂತ ಕಲಿಸಿದ್ದು ನೀನೇ."

"ಎದುರು ಮಾತಾಡೋದೊಂದು ಚೆನ್ನಾಗಿ ಕಲ್ತಿದ್ದೀಯ. ಅದರಲ್ಲಿ ಕಾಲು ಭಾಗ ಚುರುಕು ಕಾಲಲ್ಲಿ ಇದ್ದಿದ್ರೆ..."

"ಯಾಕೆ ನಿಲ್ಲಿಸ್ದೆ? ಹೇಳಿಬಿಡು. ನಿನ್ನ ಕಾಲಿಗೆ ಬುದ್ಧಿ ಇಲ್ಲ ಅಂತ ತಾನೆ? ನಿನ್ನ ಅಳಿಯನೂ ಅದೇ ಹೇಳ್ತಿದ್ದ. ಕೈಗಿಲ್ಲ, ಕಾಲಿಗಿಲ್ಲ, ತಲೆಗಂತೂ ಮೊದಲೇ ಇಲ್ಲ. ಮಾವ ಅಳಿಯ ಇಬ್ಬರೂ ಒಂದೇ ಪುಸ್ತಕ ಓದ್ಕೊಂಡ ಹಾಗಿದೆ."

ಅವನು ಕೂಗಿದನೇನೋ ನಿಜ, ಆದರೆ ಕೂಗುವ ಗಂಡಸಿಗೆ ಇರಬೇಕಾದ ಗತ್ತು ಅವನಿಗಿರಲಿಲ್ಲ. ಅವನ ಬಲಗಾಲು ಹೆಂಡತಿಯ ತೊಡೆಯ ಮೇಲಿತ್ತು. ಅವಳು ನೆಲದ ಮೇಲೆ ಕೂತು, ಅಂಗಾಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು, ಕೊಳೆತದ್ದು ಬರಬಾರದೆಂದು ತರಕಾರಿ ಆರಿಸುವವಳ ಹಾಗೆ. ದಿನಾ ಬೆಳಿಗ್ಗೆ ಶೂ ಹಾಕುವ ಮುಂಚೆ ಇದು ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರು. ಜಗಳವೆಂದರೆ ಎದ್ದು ನಿಂತು ಮೇಜು ಗುದ್ದಿ ಬಾಗಿಲು ದಡಾರನೆ ಹಾಕಿಯೇ ಆಡಬೇಕು ಎಂದುಕೊಂಡು ಬದುಕಿದ ಮನುಷ್ಯ ಈಗ ಒಂದು ಕಾಲನ್ನು ಬೇರೆಯವರ ವಶಕ್ಕೆ ಕೊಟ್ಟು ಕೂತಲ್ಲೇ ರೇಗಬೇಕಾಗಿತ್ತು. ಕಾಲನ್ನು ಎಳೆದುಕೊಳ್ಳಲು ನೋಡಿದ. ಹೆಂಡತಿ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದಿರಬೇಕು, ಬರಲಿಲ್ಲ. ಹಿಡಿದದ್ದು ಅವನಿಗೆ ಗೊತ್ತಾಗಲಿಲ್ಲ. ಬರಲಿಲ್ಲವೆಂಬುದಷ್ಟೇ ಗೊತ್ತಾಯಿತು.

"ಇದು ಯಾವಾಗ ಚುಚ್ಚಿಕೊಂಡ್ರಿ?" ಎಂದು ಹೆಂಡತಿ ಕೇಳಿದಳು. ಅವಳ ಬೆರಳ ತುದಿಯಲ್ಲಿ ನೋಟೀಸು ಬೋರ್ಡಿಗೆ ಚುಚ್ಚುವ ಗುಂಡುಪಿನ್ನಿತ್ತು, ತುದಿ ಕಂದು ಬಣ್ಣಕ್ಕೆ ತಿರುಗಿತ್ತು.

"ಈಗಷ್ಟೇ. ಕುರ್ಚಿ ಹತ್ರ ಬಿದ್ದಿತ್ತೇನೋ."

"ಈಗಷ್ಟೇ ಚುಚ್ಚಿದ್ದಕ್ಕೆ ರಕ್ತ ಹೆಪ್ಪುಗಟ್ಟಿರುತ್ತಾ? ನಿನ್ನೆಯ ಸಾಕ್ಸು ನೋಡಿ, ಹಲಗೆ ಹಾಗೆ ಗಟ್ಟಿ ಆಗಿದೆ." ಅವಳು ಬೈಯಲಿಲ್ಲ. ಔಷಧದ ಹತ್ತಿಯಿಂದ ಒರೆಸಿದಳು. ಉರಿಯುವ ಔಷಧ ಅದು, ಮಕ್ಕಳು ಚಿಕ್ಕವರಿದ್ದಾಗ ಮೊಣಕಾಲಿಗೆ ಹಾಕಿದರೆ ಇಡೀ ಓಣಿಗೆ ಕೇಳುವ ಹಾಗೆ ಕಿರುಚುತ್ತಿದ್ದರು. ಅವನು ಗೋಡೆ ನೋಡುತ್ತಾ ಕೂತಿದ್ದ. ಮಗಳು ಬಾಗಿಲಲ್ಲಿ ನಿಂತು ಆ ಹತ್ತಿಯನ್ನೇ ನೋಡಿದಳು, ಮುಖದ ಸಿಟ್ಟು ಒಂದು ಗಳಿಗೆ ಸಡಿಲಾಯಿತು, ಆಮೇಲೆ ಒಳಗೆ ಹೋದಳು. ಒಳಗೆ ಮಂಚದ ಮೇಲೆ ಅವಳ ಬ್ಯಾಗು ತುಂಬಿಸಿಟ್ಟಾಗಿತ್ತು. ಸಂಜೆಯ ಬಸ್ಸಿಗೆ ಗಂಡನ ಮನೆಗೆ ವಾಪಸು ಹೋಗುತ್ತೇನೆ ಎಂದು ಹೇಳಿದ್ದಳು. ಅಲ್ಲಿಂದ ಬಿಟ್ಟು ಬಂದಾಗ ಇದೇ ಬ್ಯಾಗನ್ನು ಎದೆಗೆ ಅವಚಿಕೊಂಡು ಬಂದಿದ್ದವಳು, ಇನ್ನೆಂದೂ ಆ ಹೊಸ್ತಿಲು ತುಳಿಯಲ್ಲ ಎಂದಿದ್ದವಳು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿ ವ್ಯಾನು ಓಡಿಸುವ ಕೆಲಸಕ್ಕೆ ಹೆಂಗಸರೇ ಬೇಕಾಗಿದ್ದರು. ಲೈಸೆನ್ಸ್ ತಗೊಂಡು ಬಾ, ಕೆಲಸ ನಿನ್ನದೇ ಎಂದು ಅಲ್ಲಿಯ ಮೇಲ್ವಿಚಾರಕಿ ಬಾಯಿಬಿಟ್ಟು ಹೇಳಿದ್ದಳು. ಅಪ್ಪನೇ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿರುವಾಗ ಲೈಸೆನ್ಸು ಯಾವ ಮಹಾ ಎಂದು ಮೂವರೂ ನಕ್ಕಿದ್ದರು. 

ಹೆಂಡತಿ ಬ್ಯಾಂಡೇಜು ಸುತ್ತಿ ತುದಿಯನ್ನು ಹಲ್ಲಿನಿಂದ ಹರಿದಳು. ತಲೆ ಎತ್ತದೆಯೇ ಕೇಳಿದಳು, "ಆವತ್ತು ನಿಮ್ಮ ಈ ಕಾಲು ಎಲ್ಲಿತ್ತು?"

"ಎಲ್ಲಿರುತ್ತೆ? ಮೈಗೆ ಅಂಟ್ಕೊಂಡೇ ಇತ್ತು. ಮನೇಲಿ ಬಿಟ್ಟು ಹೋಗಿದ್ನಾ?"

"ಸುಮ್ನೆ ಕೇಳ್ದೆ," ಎಂದು ಅವಳು ಎದ್ದು ಹೋದಳು. ಸುಮ್ಮನೆ ಏನನ್ನೂ ಕೇಳುವವಳಲ್ಲ ಅವಳು. ಅವನ ಕತ್ತಿನ ಹಿಂದೆ ಬೆವರು ಒಡೆಯಿತು. ಈ ಶರೀರದಲ್ಲಿ ಬೆವರುವುದಕ್ಕೆ ಇನ್ನೂ ಜಾಗ ಉಳಿದಿದೆ ಎಂದುಕೊಂಡ.

ಶುರುವಾದದ್ದು ಹೆಬ್ಬೆರಳಿನಲ್ಲಿ. ಕಾಲು ಮಡಿಚಿ ಕೂತು ಎದ್ದಾಗ ಜೋಮು ಹಿಡಿಯುತ್ತದಲ್ಲ, ಅದೇ ಥರ. ಎರಡು ಸಲ ಒದರಿದರೆ ಹೋಗುತ್ತದೆ ಎಂದು ಒದರಿದ, ಹೋಗಲಿಲ್ಲ. ಆಮೇಲೆ ಉರಿ. ಬಿಸಿಲಿಗೆ ಕಾದ ತಗಡಿನ ಮೇಲೆ ನಿಂತ ಹಾಗೆ ಅಂಗಾಲು ಉರಿಯುತ್ತಿತ್ತು, ಮುಟ್ಟಿ ನೋಡಿದರೆ ತಣ್ಣಗಿರುತ್ತಿತ್ತು. ಹೊದಿಕೆಯ ಅಂಚು ತಾಗಿದರೆ ಜೀವ ಹೋಗುವಷ್ಟು ನೋವು, ಆದರೆ ಅದೇ ಕಾಲಿಗೆ ಕಲ್ಲು ಒತ್ತಿದರೆ ಏನೂ ಇಲ್ಲ. ಇಂಥ ಲೆಕ್ಕವಿಲ್ಲದ ಕಾಲನ್ನು ಯಾರಿಗೆ ಹೇಗೆ ವಿವರಿಸುವುದು? ಒಂದು ದಿನ ಸಂಜೆ ಮನೆಗೆ ಬಂದು ನೋಡಿದರೆ ಚಪ್ಪಲಿ ಒಂದೇ ಇತ್ತು. ಇನ್ನೊಂದು ಎಲ್ಲೋ ದಾರಿಯಲ್ಲಿ ಕಳಚಿಬಿದ್ದು, ಅವನು ಒಂದು ಬರಿಗಾಲಿನಲ್ಲೇ ಬೀದಿಯಿಡೀ ನಡೆದುಕೊಂಡು, ಎದುರಾದವರಿಗೆಲ್ಲ ನಮಸ್ಕಾರ ಹೊಡೆದುಕೊಂಡು ಬಂದಿದ್ದ. ಆಮೇಲೆ ಶೂ ಕಟ್ಟಿಕೊಳ್ಳತೊಡಗಿದ. ಬೀದಿಯವರು, ಏನ್ ಮೇಷ್ಟ್ರೇ, ಸಾಹೇಬರ ಥರ ಆಗಿಬಿಟ್ರಿ ಎಂದರು. ಹೌದಪ್ಪ, ವಯಸ್ಸಾದ ಮೇಲಾದರೂ ಮರ್ಯಾದೆ ಬೇಡವಾ ಎಂದು ಅವನೂ ನಕ್ಕ. ನೆಲ ದಿನದಿನಕ್ಕೆ ಹತ್ತಿಯಾಗುತ್ತಿತ್ತು. ಹತ್ತಿಯ ಮೇಲೆ ಮರ್ಯಾದೆಯಿಂದ ನಡೆಯುವುದು ಸುಲಭವಲ್ಲ.

ಡಾಕ್ಟರು ವಯಸ್ಸಿನಲ್ಲಿ ಮಗಳಷ್ಟಿದ್ದಳು. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ ಕೂಡಲೆ ಹೂಂ ಅನ್ನಿ ಎಂದು ಮೀನಿನ ಗಾಳಕ್ಕೆ ಕಟ್ಟುವ ದಾರದಂಥದನ್ನು ತೆಗೆದಳು. ಅವನು ಕಣ್ಣು ಮುಚ್ಚಿದ, ಪೂರ್ತಿ ಮುಚ್ಚಲಿಲ್ಲ. ರೆಪ್ಪೆಯ ಸಂದಿನಿಂದ ಅವಳ ಮೊಣಕೈ ಕಾಣುತ್ತಿತ್ತು. ಮೊಣಕೈ ಮುಂದೆ ಬಂದಾಗಲೆಲ್ಲ ಹೂಂ ಎಂದ. ಜೀವಮಾನವೆಲ್ಲ ಎದುರಿನ ಗಾಡಿಯವನ ಭುಜ ನೋಡಿ ಅವನು ಯಾವ ಕಡೆ ತಿರುಗುತ್ತಾನೆಂದು ಹೇಳಿದವನಿಗೆ ಇದೆಷ್ಟರ ಮಟ್ಟಿನ ವಿದ್ಯೆ? ಅವಳು ಒಂದು ಸಲ ಮೊಣಕೈ ಮುಂದೆ ತಂದಳು, ಅವನು ಹೂಂ ಎಂದ, ಅವಳು ದಾರ ಕೆಳಗಿಟ್ಟು, "ಈಗ ನಾನು ಮುಟ್ಟಲಿಲ್ಲ," ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪಾಪ ಎನ್ನುವ ಹಾಗೆ ನೋಡಿದಳು. "ಏನು ಕೆಲಸ ಮಾಡ್ತೀರಾ?" ಎಂದು ಕೇಳಿದಳು. "ಮೇಷ್ಟ್ರು," ಎಂದ. ಸುಳ್ಳಲ್ಲ. ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ. ಹಾಗಾದರೆ ತೊಂದರೆಯಿಲ್ಲ, ನಿಂತು ಪಾಠ ಮಾಡಬೇಡಿ, ಕೂತೇ ಮಾಡಿ ಎಂದಳು. ಕೂತೇ ಮಾಡುವುದು ಎಂದ. ಅದೂ ಸುಳ್ಳಲ್ಲ.

ಕೂತು ಮಾಡುವ ಪಾಠದ ಗುಟ್ಟು ಕಾಲಿನಲ್ಲಿತ್ತು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವನಿಗೆಂದೇ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಬೇರೆ ಸ್ಕೂಲಿನವರು ಕಾಲನ್ನು ಕೆಳಗೆ ಇಟ್ಟುಕೊಂಡು, ಬೇಕಾದಾಗ ಎತ್ತಿ ಒತ್ತುತ್ತಾರೆ. ಅವನು ಹಾಗಲ್ಲ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಅಂಗಾಲನ್ನು ಬ್ರೇಕಿನ ಮೇಲೆ, ತಾಗದ ಹಾಗೆ, ಕೂದಲೆಳೆಯಷ್ಟು ಮೇಲೆ ಹಿಡಿದಿರುತ್ತಿದ್ದ. ಪಾಠ ಮುಗಿಯುವ ತನಕ ಹಾಗೇ, ಇಲಿಯ ಬಿಲದ ಮುಂದೆ ಬೆಕ್ಕು ಪಂಜ ಎತ್ತಿ ಕೂತ ಹಾಗೆ. ಮಕ್ಕಳು ಚೆಂಡಿನ ಹಿಂದೆ ಓಡಿಬಂದಾಗ, ಸೈಕಲ್ಲಿನವನು ತಿರುಗಿದಾಗ, ಕಲಿಯುವವರು ಅಯ್ಯೋ ಎನ್ನುವಷ್ಟರಲ್ಲಿ ಗಾಡಿ ನಿಂತಿರುತ್ತಿತ್ತು. ನನ್ನ ಕಾಲಿಗೆ ಕಣ್ಣಿದೆ ಎಂದು ಅವನು ಜಂಬ ಕೊಚ್ಚುತ್ತಿದ್ದ. ಅಂಥ ಬ್ರೇಕಿಗೆ ಒಂದು ಬಜರ್ ಕಟ್ಟಿರುತ್ತಾರೆ. ಮೇಷ್ಟ್ರ ಕಾಲು ತಾಗಿದರೆ ಸಾಕು, ಕೀಂ ಎಂದು ಕೂಗುತ್ತದೆ, ಟೆಸ್ಟಿನ ದಿನ ಮೇಷ್ಟ್ರು ಗುಟ್ಟಾಗಿ ಸಹಾಯ ಮಾಡಿದರೆ ಇನ್ಸ್‌ಪೆಕ್ಟರಿಗೆ ಗೊತ್ತಾಗಲೆಂದು. ಆ ಬಜರ್ ಕಾರಣವಿಲ್ಲದೆ ಕೂಗಲು ಶುರುಮಾಡಿತು. ಕಾಲು ಮೇಲೇ ಇದೆ, ಆದರೂ ಕೂಗುತ್ತಿದೆ. ದಿನಕ್ಕೊಂದು ಸಲ ಇದ್ದದ್ದು ಗಳಿಗೆಗೊಂದಾಯಿತು. ತಂತಿ ಎಲ್ಲೋ ಸಡಿಲಾಗಿದೆ ಎಂದು ಬಗ್ಗಿ ನೋಡಿದ, ಬಗ್ಗಿದಾಗಲೆಲ್ಲ ಕಾಲು ಸರಿಯುತ್ತಿತ್ತು, ಬಜರ್ ನಿಲ್ಲುತ್ತಿತ್ತು. ನೋಡಿದ್ರಾ, ಸಡಿಲವೇ ಎಂದ. ಒಂದು ದಿನ ತಲೆಕೆಟ್ಟು ತಂತಿಯನ್ನು ಕಿತ್ತು ಟೇಪು ಸುತ್ತಿ ಒಳಗೆ ತುರುಕಿದ. ಮಗಳು ಪಕ್ಕದಲ್ಲೇ ಇದ್ದಳು. "ಯಾಕಪ್ಪ ಕಿತ್ತೆ?" ಎಂದಳು. "ಸುಳ್ಳು ಹೇಳೋ ಬಜರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ," ಎಂದ. ಆ ಮಾತನ್ನು ಎಷ್ಟು ಸಲೀಸಾಗಿ ಆಡಿದ್ದ!

ಅಲ್ಲಿಂದ ಮುಂದೆ ಅವಳ ಪಾಠ ಹಾಳಾಯಿತು. ಗಾಡಿ ಮುಂದೆ ಹೋಗುತ್ತಿರಲಿಲ್ಲ. ಎತ್ತು ಮೊಂಡು ಬಿದ್ದ ಹಾಗೆ ಎಳೆದಾಡುತ್ತಿತ್ತು, ಇಂಜಿನ್ ಗೊರಗೊರ ಎನ್ನುತ್ತಿತ್ತು. ಒತ್ತೇ, ಆಕ್ಸಿಲರೇಟರ್ ಒತ್ತೇ ಎಂದು ಅವನು ಚೀರುತ್ತಿದ್ದ. ಒತ್ತಿದೀನಪ್ಪ ಎನ್ನುತ್ತಿದ್ದಳು. ಮುದ್ದೆ ಹಾಗೆ ಕೂತಿದ್ದೀಯ, ಇದು ಒತ್ತಿದ್ದಾ? ನಿನ್ನ ಗಂಡ ಹೇಳಿದ್ದರಲ್ಲಿ ತಪ್ಪೇನಿಲ್ಲ ಎಂದೂ ಒಂದು ದಿನ ಹೇಳಿಬಿಟ್ಟ. ಅವಳು ತುಟಿ ಕಚ್ಚಿ ಇನ್ನಷ್ಟು ಒತ್ತಿದಳು. ಹಾಗೆ ದಿನಾ ಇನ್ನಷ್ಟು, ಮತ್ತಷ್ಟು ಒತ್ತುವುದೇ ಅವಳ ಕಾಲಿಗೆ ಅಭ್ಯಾಸವಾಯಿತು. ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಆ ಮಧ್ಯಾಹ್ನವೂ ಹಾಗೇ ಒತ್ತಿಕೊಂಡಿದ್ದಳು. ಗೋದಾಮಿನ ಗೇಟಿನ ಪಕ್ಕ ಕಾವಲುಗಾರ ಮುದುಕ ಸ್ಟೂಲಿನ ಮೇಲೆ ಕೂತು, ದಿನಾ ಇವರನ್ನು ನೋಡಿ ಕೈ ಎತ್ತುವ ಹಾಗೆ ಕೈ ಎತ್ತಿದ್ದ. ಆಗಲೇ ಪಕ್ಕದ ಸೀಟಿನಲ್ಲಿದ್ದ ಮೇಷ್ಟ್ರ ಬಲಗಾಲಿನಲ್ಲಿ, ಪಾದದಿಂದ ಮೊಣಕಾಲಿನ ತನಕ, ಕರೆಂಟು ಹೊಡೆದ ಹಾಗೆ ಒಂದು ಚಳುಕು ಹೊಡೆಯಿತು. ಅಮ್ಮಾ ಎಂದು ಎರಡೂ ಕೈಯಿಂದ ಕಾಲನ್ನು ಹಿಡಿದು ಮೇಲೆತ್ತಿಕೊಂಡ. ಮೇಲೆತ್ತಿದ ಕೂಡಲೆ ಗಾಡಿ ಹಗ್ಗ ಬಿಚ್ಚಿದ ಹಾಗೆ ಹಾರಿತು. ಬ್ರೇಕು ಎಂದು ಅವನ ತಲೆ ಕೂಗಿತು. ಬ್ರೇಕು ಒತ್ತಬೇಕಾದ ಕಾಲು ಅವನ ಎರಡೂ ಕೈಯಲ್ಲಿತ್ತು, ಎತ್ತಿಕೊಂಡ ಮಗುವಿನ ಹಾಗೆ.

ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿಯಿತು. ಆಮೇಲೆ ಯೋಚಿಸಿ ತಿಳಿದದ್ದಲ್ಲ. ಸ್ಟೂಲು ಮುರಿಯುವ ಮುಂಚೆ, ಮುದುಕನ ಬಾಯಿ ತೆರೆಯುವ ಮುಂಚೆ, ಬಜರ್ ಸುಳ್ಳು ಹೇಳಿರಲಿಲ್ಲ ಎಂಬುದು ತಿಳಿಯಿತು. ಜನ ಓಡಿ ಬಂದರು. ಅವನು ಬಾಗಿಲು ತೆಗೆದು ಇಳಿದ, ಇಳಿಯುತ್ತಲೇ ಬಾಯಿ ತಾನಾಗಿ ಹೇಳಿತು, "ಹುಡುಗಿ ಗಾಬರಿಯಾಗಿ ಆಕ್ಸಿಲರೇಟರ್ ತುಳಿದುಬಿಟ್ಟಳು." ಯಾರೂ ಕೇಳಿರಲಿಲ್ಲ ಇನ್ನೂ. ಮಗಳು ಸ್ಟೇರಿಂಗ್ ಹಿಡಿದುಕೊಂಡೇ ತಲೆಯಾಡಿಸಿದಳು. "ಹೌದು, ನಾನೇ ತುಳಿದೆ," ಎಂದಳು. ಅವಳು ನಂಬಿದ್ದಳು. ಅವಳ ಕಾಲು ತುಳಿದದ್ದೂ ನಿಜವೇ ಅಲ್ಲವೇ ಎಂದು ಅವನು ಆಗಾಗ ಹೇಳಿಕೊಳ್ಳುತ್ತಾನೆ, ಹಲ್ಲಿನ ಸಂದಿಗೆ ಸಿಕ್ಕ ನಾರನ್ನು ನಾಲಿಗೆ ಮತ್ತೆ ಮತ್ತೆ ಹುಡುಕಿಕೊಂಡು ಹೋಗುವ ಹಾಗೆ. ನಿಜವೇ. ಆದರೆ ಬಾಯಿ ಅಷ್ಟು ಬೇಗ ಯಾಕೆ ಹೇಳಿತು?

ಹೇಳುವ ಅವಕಾಶ ಬೇಕಾದಷ್ಟಿತ್ತು. ಮಗಳು ದಿನಾ ಆಸ್ಪತ್ರೆಗೆ ಊಟ ತೆಗೆದುಕೊಂಡು ಹೋಗುತ್ತಿದ್ದಳು. ಮುದುಕನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಒಂದು ಸಂಜೆ ಅವನೂ ಹೋದ. ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟ. ಮುದುಕನ ಒಂದು ಕಾಲು ಪ್ಲಾಸ್ಟರಿನಲ್ಲಿ ತೂಗುತ್ತಿತ್ತು. ಮಗಳು ಮಂಚದ ತುದಿಯಲ್ಲಿ ಕೂತು ಇನ್ನೊಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು, ತಲೆ ತಗ್ಗಿಸಿ, ಶಿಕ್ಷೆ ಅನುಭವಿಸುವವಳ ಹಾಗೆ. ಮುದುಕ, "ಸಾಕು ಬಿಡು ತಾಯಿ, ಕಲಿಯೋರ ಕಾಲು, ಹೆಚ್ಚುಕಮ್ಮಿ ಆಗುತ್ತೆ," ಎನ್ನುತ್ತಿದ್ದ. ಅವನನ್ನು ಕಂಡು, "ಬನ್ನಿ ಮೇಷ್ಟ್ರೇ. ನೋವು ತಡೆಯಕ್ಕಾಗಲ್ಲ ಕಣ್ರೀ. ಒಂದು ನೊಣ ಕೂತ್ರೂ ಪ್ರಾಣ ಹೋಗುತ್ತೆ," ಎಂದ. ಅದನ್ನು ಕೇಳಿ ಅವನಿಗೆ ಆದದ್ದು ಮರುಕವಲ್ಲ, ಹೊಟ್ಟೆಕಿಚ್ಚು. ಮುರಿದ ಮೇಲೂ ತನ್ನದೇ ಆಗಿ ಉಳಿದಿರುವ ಕಾಲು! ನೊಣದ ಭಾರವನ್ನೂ ಒಡೆಯನಿಗೆ ಹೇಳುವ ಕಾಲು! ಹಣ್ಣಿನ ಚೀಲ ಇಟ್ಟು ಎರಡು ಮಾತಾಡಿ ಹೊರಗೆ ಬಂದ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಎಲ್ಲಿದೆ ಎಂದು ಕಾಲಿಗೆ ತಿಳಿಯದೆ ಮುಗ್ಗರಿಸಿದ. ಮಗಳು ಓಡಿ ಬಂದು ತೋಳು ಹಿಡಿದಳು. "ನೋಡ್ಕೊಂಡು ನಡಿಯಪ್ಪ," ಎಂದಳು. ಆಗ ಹೇಳಬಹುದಿತ್ತು. ಹೇಳಿದರೆ ಸ್ಕೂಲಿಗೆ ಬೀಗ. ಕಾಲಿನ ಸ್ವಾಧೀನವಿಲ್ಲದ ಮೇಷ್ಟ್ರ ಪಕ್ಕ ಯಾರು ಕೂರುತ್ತಾರೆ? ಡ್ರೈವಿಂಗ್ ಕಲಿಸುವುದು ಬಿಟ್ಟು ಅವನಿಗೆ ಇನ್ನೇನೂ ಬರುತ್ತಿರಲಿಲ್ಲ, ಸಿಟ್ಟು ಮಾಡುವುದೊಂದನ್ನು ಬಿಟ್ಟು. ಅದಕ್ಕಿಂತ ಸುಲಭದ ದಾರಿ ಕಂಡಿತು. ಅವಳೇ ಮತ್ತೆ ಗಾಡಿ ಓಡಿಸಿ, ಟೆಸ್ಟು ಪಾಸಾಗಿ, ವ್ಯಾನು ಹತ್ತಿಬಿಟ್ಟರೆ ಆದದ್ದೆಲ್ಲ ಅಳಿಸಿಹೋಗುತ್ತದೆ. ಅವಳೂ ಉಳಿಯುತ್ತಾಳೆ, ಅವನೂ ಉಳಿಯುತ್ತಾನೆ.

ಅದಕ್ಕೇ ಬೆಳಿಗ್ಗೆಯಿಂದ ಈ ಜಗಳ. ಅಪಘಾತದ ತನಿಖೆಗೆಂದು ಬಂದ ಇನ್ಸ್‌ಪೆಕ್ಟರು ಕಿತ್ತ ತಂತಿ ನೋಡಿ, ಬಜರ್ ಇಲ್ಲದ ಗಾಡಿ ಟೆಸ್ಟಿಗೆ ಬರಕೂಡದು ಎಂದು ಹೇಳಿಹೋಗಿದ್ದ. ಎಲೆಕ್ಟ್ರಿಷಿಯನ್ ನಿನ್ನೆ ತಾನೆ ತಂತಿ ಜೋಡಿಸಿ, ಬ್ರೇಕನ್ನು ಬೆರಳಲ್ಲಿ ಒತ್ತಿ ತೋರಿಸಿ, "ಯಾವ ಕಾಯಿಲೆನೂ ಇಲ್ಲ ಮೇಷ್ಟ್ರೇ, ಗಂಟಲು ಗಟ್ಟಿಯಾಗಿದೆ," ಎಂದು ನಕ್ಕಿದ್ದ. ಈಗ ಅವನು ಶೂ ಹಾಕಿಕೊಂಡು ಮಗಳಿದ್ದ ಒಳಗಿನ ಕೋಣೆಗೆ ಹೋದ. ಮಗಳು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು.

"ಪುಟ್ಟಿ, ಒಂದೇ ಒಂದು ಸುತ್ತು. ಆಮೇಲೆ ನಾನೇ ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ. ಒಂದು ಮಾತೂ ಆಡಲ್ಲ."

ಅವಳು ಅವನನ್ನು ನೋಡಿದಳು. ಅವನು ಚಿಕ್ಕಂದಿನ ಹೆಸರು ಹಿಡಿದು ಕರೆದು ಎಷ್ಟೋ ವರ್ಷವಾಗಿತ್ತು. "ಸರಿ. ನಿನ್ನ ಸಮಾಧಾನಕ್ಕೆ," ಎಂದಳು. "ಇವಳ ಕೈಲಿ ಆಗಲ್ಲ ಅಂತ ನಿನಗೇ ಮನದಟ್ಟಾಗ್ಲಿ. ಆಮೇಲೆ ಫೋನ್ ಮಾಡಿ ಬಾ ಬಾ ಅನ್ನಬಾರ್ದು."

ಬ್ಯಾಗನ್ನು ಹಿಂದಿನ ಸೀಟಿಗೆ ಹಾಕಿದಳು. ಹೆಂಡತಿ ಬಾಗಿಲ ತನಕ ಬಂದು ಮಗಳ ಕೆನ್ನೆ ಮುಟ್ಟಿದಳು, ಗಂಡನಿಗೆ ಮಾತ್ರ, "ಕಾಲು ನೋಡ್ಕೊಳ್ಳಿ," ಎಂದಳು.

ನೋಡಿಕೊಂಡ. ಅದನ್ನೇ ಮಾಡಿದ. ಗೋದಾಮಿನ ರಸ್ತೆಯ ತನಕ ತಾನೇ ಓಡಿಸಿದ, ಬ್ರೇಕನ್ನು ಕಾಲಿನಿಂದಲ್ಲ, ಕಣ್ಣಿನಿಂದ ಒತ್ತಿದ; ಪಾದ ಎಲ್ಲಿದೆ ಎಂದು ಬಗ್ಗಿ ನೋಡಿ, ಮಂಡಿಯಿಂದ ತಳ್ಳಿ, ಗಾಡಿ ನಿಂತರೆ ಪಾದ ಒತ್ತಿದೆ ಎಂದು ತಿಳಿದು. ಇಷ್ಟು ದಿನ ಹೀಗೇ ಓಡಿಸುತ್ತಿದ್ದನೋ ಏನೋ. ಆಮೇಲೆ ಸೀಟು ಬದಲಾಯಿಸಿದರು. ಪಕ್ಕದ ಸೀಟಿನಲ್ಲಿ ಕೂತು ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಬ್ರೇಕಿನಿಂದ ದೂರ, ಗೇರಿನ ಕಡೆಯ ಮೂಲೆಗೆ ಇಟ್ಟ. ಅಗತ್ಯ ಬಿದ್ದರೆ ಎಡಗಾಲಿನಿಂದ ಒತ್ತಿದರಾಯಿತು ಎಂದುಕೊಂಡ. ಮಗಳು ಕ್ಲಚ್ಚು ಬಿಟ್ಟು ಆಕ್ಸಿಲರೇಟರ್ ಒತ್ತಿದಳು. ಗಾಡಿ ಜಿಗಿಯಿತು. ಅವಳು ಹೆದರಿ ಬ್ರೇಕು ತುಳಿದಳು, ಇಬ್ಬರ ತಲೆಯೂ ಮುಂದಕ್ಕೆ ವಾಲಿತು.

"ನೋಡಿದ್ಯಾ?" ಎಂದಳು, ಅಳು ಬರುವ ಹಾಗಿತ್ತು.

"ಏನಿಲ್ಲ. ಕಮ್ಮಿ ಒತ್ತು. ಇನ್ನೂ ಕಮ್ಮಿ. ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ." ಅವನ ದನಿ ಅವನಿಗೇ ಬೇರೆಯವರದೆನಿಸಿತು. ಯಾವ ಶಿಷ್ಯನಿಗೂ ಅವನು ಅಷ್ಟು ಮೆತ್ತಗೆ ಹೇಳಿದವನಲ್ಲ. ಗಾಡಿ ಎರಡನೆಯ ಸಲ ಸಲೀಸಾಗಿ ಹೊರಟಿತು. ಮೂರನೆಯ ಗೇರಿಗೆ ಬಂದಳು. ಗೋಡೆಯ ನೆರಳು ಕಿಟಕಿಯಲ್ಲಿ ಹಿಂದೆ ಹಿಂದೆ ಸರಿಯಿತು. ಅವನು ಮಧ್ಯೆ ಮಧ್ಯೆ ಕೆಳಗೆ ಬಗ್ಗಿ ತನ್ನ ಕಾಲನ್ನು ನೋಡುತ್ತಿದ್ದ, ಅಳುವ ಮಗುವನ್ನು ಮಲಗಿಸಿ ಬಂದವರು ಬಾಗಿಲ ಸಂದಿನಿಂದ ನೋಡುವ ಹಾಗೆ. ಅಲ್ಲೇ ಇತ್ತು, ಮೂಲೆಯಲ್ಲಿ, ಸುಮ್ಮನೆ.

"ರಸ್ತೆ ನೋಡಪ್ಪ, ನನ್ನ ಕಾಲು ನೋಡ್ಬೇಡ. ಗಾಬರಿ ಆಗುತ್ತೆ," ಎಂದಳು. ಆಮೇಲೆ, "ಇವತ್ತು ಗಾಡಿ ಎಷ್ಟು ಹಗುರ ಇದೆ," ಎಂದಳು.

"ಸರ್ವೀಸ್ ಆಗಿದೆಯಲ್ಲ," ಎಂದ.

ತಿರುವಿನಲ್ಲಿ ಅವಳು ಗೇರು ಇಳಿಸಿ, ಕನ್ನಡಿ ನೋಡಿ, ಅಂಚು ಬಿಡದೆ ತಿರುಗಿಸಿದಳು. ನಾಯಿಯೊಂದು ಅಡ್ಡ ಬಂತು. ಅವನ ಎಡಗಾಲು ಎದ್ದಿತು, ಅಷ್ಟರಲ್ಲಿ ಅವಳೇ ಗಾಡಿಯನ್ನು ಮೆತ್ತಗೆ ನಿಲ್ಲಿಸಿ ನಾಯಿಗೆ ದಾರಿ ಬಿಟ್ಟು, "ಹೋಗಮ್ಮ ಮಹಾರಾಣಿ," ಎಂದಳು. ತುಟಿಯ ಮೂಲೆಯಲ್ಲಿ ನಗು ಕಂಡಿತು, ಗಂಡನ ಮನೆಯಿಂದ ಬಂದ ಮೇಲೆ ಅವನು ನೋಡಿರದ ನಗು.  ಇವಳಿಗೆ ಬರುತ್ತದೆ. ಮೊದಲಿನಿಂದಲೂ ಬರುತ್ತಿತ್ತು. ಇವಳು ವ್ಯಾನು ಓಡಿಸುತ್ತಾಳೆ, ಬಸ್ಸಿನ ಮಾತು ಮುಗಿಯಿತು, ಬ್ಯಾಗನ್ನು ಮನೆಗೆ ವಾಪಸು ಒಯ್ಯುವುದು, ಹೆಂಡತಿ ಏನೂ ಕೇಳುವುದಿಲ್ಲ, ಯಾರೂ ಏನೂ ಹೇಳಬೇಕಾಗುವುದಿಲ್ಲ. ಅವನು ಸೀಟಿಗೆ ಒರಗಿದ. ಹಳೆಯ ದಿನಗಳ ಹಾಗೆ, ಒಳ್ಳೆಯ ಶಿಷ್ಯರ ಪಕ್ಕ ಕೂತಾಗಿನ ಹಾಗೆ, ಮೈ ಸಡಿಲ ಬಿಟ್ಟು ಮುಂದಿನ ರಸ್ತೆಯನ್ನು ನೋಡಿದ. ಗೋದಾಮಿನ ಗೇಟು ಕಂಡಿತು. ಕಾವಲುಗಾರ ಮುದುಕ ಕೆಲಸಕ್ಕೆ ಮರಳಿದ್ದ. ಸ್ಟೂಲನ್ನು ಈಗ ಗೋಡೆಯ ಒಳಬದಿಗೆ ಹಾಕಿಕೊಂಡಿದ್ದ. ಗಾಡಿ ನೋಡಿ ಊರುಗೋಲಿನ ಸಮೇತ ಕೈ ಎತ್ತಿದ. ಮಗಳು ಮುಖ ತಗ್ಗಿಸಲಿಲ್ಲ. ಅವಳೂ ಒಂದು ಕೈ ಎತ್ತಿದಳು.

ಕೀಂ ಎಂದು ಬಜರ್ ಕೂಗಿತು.

ಅವನು ಮೊದಲು ಎದುರಿಗೆ ನೋಡಿದ. ರಸ್ತೆ ಖಾಲಿಯಿತ್ತು. ಮಗಳು ಡ್ಯಾಶ್‌ಬೋರ್ಡನ್ನು ನೋಡಿದಳು, ಇಂಜಿನ್ ಗೊರಗುಟ್ಟಿತು, ಗಾಡಿ ಮೊಂಡು ಬಿದ್ದ ಎತ್ತಿನ ಹಾಗೆ ಎಳೆಯತೊಡಗಿತು. ಆ ಎಳೆತ ಅವಳ ಕಾಲಿಗೆ ಗೊತ್ತಿತ್ತು. ಅವಳು ಆಕ್ಸಿಲರೇಟರ್ ಇನ್ನಷ್ಟು ಒತ್ತಿದಳು, ಅಭ್ಯಾಸ. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಅವನ ಕಾಲ ಬಳಿ ನೋಡಿದಳು. ಅವಳು ನೋಡಿದ್ದನ್ನು ಕಂಡು ಅವನೂ ನೋಡಿದ. ಗೇರಿನ ಕಡೆಯ ಮೂಲೆಯಲ್ಲಿ ಯಾರೂ ಇರಲಿಲ್ಲ. ಕಾಲು ಯಾವಾಗಲೋ ತನ್ನ ಹಳೆಯ ಜಾಗಕ್ಕೆ ತಾನೇ ಬಂದು, ಬ್ರೇಕಿನ ಮೇಲೆ ಅಂಗಾಲು ಚೆಲ್ಲಿ, ಮನೆಗೆ ಬಂದು ಒರಗಿದ ನೆಂಟನ ಹಾಗೆ ಹಾಯಾಗಿ ಕೂತಿತ್ತು.

ಅವಳು ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಕನ್ನಡಿ ನೋಡಿ, ಸಿಗ್ನಲ್ ಹಾಕಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದಳು. ಅವನು ಕಲಿಸಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ಬಜರ್ ಕೂಗುತ್ತಲೇ ಇತ್ತು.

"ಆವತ್ತೂ?" ಎಂದಳು.

ಅವನು ಸಿಟ್ಟನ್ನು ಹುಡುಕಿದ. ಯಾವಾಗ ಕೈಹಾಕಿದರೂ ಸಿಗುತ್ತಿದ್ದದ್ದು ಆಗ ಸಿಗಲಿಲ್ಲ.

"ಆವತ್ತೂ ಇಲ್ಲೇ ಇತ್ತಾ ಅಪ್ಪ? ದಿನಾ ಇಲ್ಲೇ ಇತ್ತಾ?"

"ನನಗೆ ಗೊತ್ತಾಗಲ್ಲ ಪುಟ್ಟಿ. ಅದು ನನ್ನ ಮಾತು ಕೇಳಲ್ಲ."

"ಕಾಲಿಗೆ ಗೊತ್ತಾಗಲ್ಲ, ಸರಿ. ಬಾಯಿಗೆ ಗೊತ್ತಿತ್ತಲ್ಲ." ಅವಳ ದನಿ ಏರಲಿಲ್ಲ. "ನಾನು ಆ ಮುದುಕನ ಕಾಲು ಒತ್ತಿದೀನಿ. ಅವರು ಬೇಡ ಬೇಡ ಅಂದ್ರೂ ಒತ್ತಿದೀನಿ. ನೀನು ಬಾಗಿಲಲ್ಲಿ ನಿಂತು ನೋಡಿದ್ದೆ. ನೋಡ್ಕೊಂಡು ಸುಮ್ನಿದ್ದೆ."

"ಸ್ಕೂಲು..." ಎಂದ. 

"ನಿನ್ನ ಅಳಿಯನಾದ್ರೂ ನನ್ನನ್ನ ದಡ್ಡಿ ಅಂತ ನಂಬಿ ಬೈತಿದ್ದ," ಎಂದಳು. "ನೀನು ಅಲ್ಲ ಅಂತ ಗೊತ್ತಿದ್ದೂ ಬೈದೆ. ಇವತ್ತು ಬೆಳಿಗ್ಗೆನೂ ಬೈದೆ."

ಬಾಗಿಲು ತೆಗೆದು ಇಳಿದಳು. ಹಿಂದಿನ ಬಾಗಿಲು ತೆಗೆದು ಬ್ಯಾಗು ಎತ್ತಿಕೊಂಡಳು. ಬಾಗಿಲನ್ನು ದಡಾರನೆ ಹಾಕಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು; ಮೆತ್ತಗೆ ಹಾಕಿದಳು. ಪುಟ್ಟಿ ಎಂದು ಅವನು ಕೂಗಿದ್ದು ಬಜರಿನ ಸದ್ದಿನಲ್ಲಿ ಅವನಿಗೇ ಕೇಳಲಿಲ್ಲ. ಕನ್ನಡಿಯಲ್ಲಿ ಅವಳ ಬೆನ್ನು ಕಂಡಿತು. ಗೇಟಿನ ಹತ್ತಿರ ಮುದುಕನ ಮುಂದೆ ಒಂದು ಗಳಿಗೆ ನಿಂತಳು, ಏನೋ ಹೇಳಿದಳೋ ಸುಮ್ಮನೆ ನಿಂತಳೋ, ಆಮೇಲೆ ಹೊರಟಳು. ಮನೆಯ ಕಡೆಯ ತಿರುವನ್ನು ದಾಟಿದಳು. ಬಸ್‌ಸ್ಟ್ಯಾಂಡಿನ ತಿರುವನ್ನೂ ದಾಟಿದಳು. ಮುಂದೆ ಅವನು ಯಾವತ್ತೂ ಯಾರನ್ನೂ ಕರೆದುಕೊಂಡು ಹೋಗದ ದೊಡ್ಡ ರಸ್ತೆಯಿತ್ತು, ಲಾರಿಗಳ ರಸ್ತೆ. ಅದರ ಧೂಳಿನಲ್ಲಿ ಬೆನ್ನು ಸಣ್ಣದಾಗುತ್ತಾ ಹೋಯಿತು. ಆ ಸಂಜೆ ಬಸ್ಸು ಅವಳಿಲ್ಲದೆ ಹೊರಟಿತೆಂದು ಅಳಿಯನ ಫೋನು ಬಂದಾಗ ಗೊತ್ತಾಯಿತು. ಮನೆಗೆ ಅವಳು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಹೆಂಡತಿಗೆ ಯಾವಾಗಲಾದರೊಮ್ಮೆ ಫೋನು ಬರುತ್ತಿತ್ತು. ಅವಳು ಅಂಗಳಕ್ಕೆ ಹೋಗಿ ಮಾತಾಡಿ ಬಂದು, ಬಂದವಳೇ ನೆಲದ ಮೇಲೆ ಕೂತು ಏನೂ ಹೇಳದೆ ಅವನ ಕಾಲನ್ನು ಬೆಳಕಿಗೆ ತಿರುಗಿಸುತ್ತಿದ್ದಳು.

ಆದರೆ ಅದು ಆಮೇಲಿನ ಮಾತು. ಆಗ ಅವನು ಗಾಡಿಯಲ್ಲೇ ಕೂತಿದ್ದ. ಡ್ರೈವರ್ ಸೀಟು ಖಾಲಿ, ಇಂಜಿನ್ ಓಡುತ್ತಿದೆ, ಸಿಗ್ನಲ್ ಟಿಕ್ ಟಿಕ್ ಎನ್ನುತ್ತಿದೆ, ಬಜರ್ ಒಂದೇ ಸಮನೆ ಕೂಗುತ್ತಿದೆ. ಗೋದಾಮಿನ ಕಿಟಕಿಯಿಂದ ಯಾರೋ ಇಣುಕಿದರು. ಕಾವಲುಗಾರ ಊರುಗೋಲು ಕುಟ್ಟುತ್ತಾ, ಮುರಿದು ಕೂಡಿದ ಕಾಲನ್ನು ಪ್ರತಿ ಹೆಜ್ಜೆಗೂ ಮುಖ ಕಿವುಚಿ ಊರುತ್ತಾ ಬಂದ. ಬಗ್ಗಿ ಕಿಟಕಿಯೊಳಗೆ ನೋಡಿದ. ಮೊ‌ದಲು ಅವನ ಮುಖ, ಆಮೇಲೆ ಕೆಳಗೆ. ಬಹಳ ಹೊತ್ತು ಕೆಳಗೇ ನೋಡಿದ. ಗಾಜಿನ ಮೇಲೆ ಬೆರಳಿನಿಂದ ತಟ್ಟಿದ.

"ಮೇಷ್ಟ್ರೇ, ಬ್ರೇಕಿನ ಮೇಲಿಂದ ಕಾಲು ತೆಗೀರಿ."

"ತೆಗೆದಿದ್ದೀನಿ," ಎಂದ ಅವನು.